ಸಾಕೆನ್ನುವ ಶಕ್ತಿ

ಏನನ್ನು ಕೊಳ್ಳಬೇಕೆಂಬುದು ಪೇಟೆಯ ಪ್ರಶ್ನೆ ಎಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬೆಲೆ ಎಷ್ಟು, ಸಾಲ ಸಿಕ್ಕೀತೇ, ತಿಂಗಳ ಕಂತು ಕಟ್ಟಲಾದೀತೇ ಎಂಬಲ್ಲಿಗೆ ನಮ್ಮ ವಿಚಾರ ಮುಗಿದುಹೋಗುತ್ತದೆ. ಆದರೆ ಒಂದು ಕುಟುಂಬ ಏನನ್ನು ಕೊಳ್ಳುತ್ತದೆ, ಕೊಳ್ಳಲು ಸಾಧ್ಯವಿದ್ದೂ ಏನನ್ನು ಬಿಡುತ್ತದೆ ಎಂಬುದರಲ್ಲಿ ಆ ಕುಟುಂಬದ ಅಂತರಂಗ ಕಾಣಿಸುತ್ತದೆ. ಆದ್ದರಿಂದ ಒಂದು ಕಾರಿನ ಆಯ್ಕೆಯನ್ನು ನೈತಿಕ ಪ್ರಶ್ನೆಯಾಗಿ ನೋಡೋಣವೆಂದರೆ ಓದುಗರಾದ ತಾವು ಅಚ್ಚರಿಪಡಬೇಕಾಗಿಲ್ಲ.

ಹಾನಗಲ್ಲಿನ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಿ. ಅವನ ಉದ್ಯೋಗ ಶಿಗ್ಗಾವಿಯಲ್ಲಿ. ಅಕ್ಕನನ್ನು ಹಿರೇಕೆರೂರಿಗೆ ಕೊಟ್ಟಿದೆ. ಸೋದರಮಾವನ ಮನೆ ಸವಣೂರಿನಲ್ಲಿ. ವಾಹನ ಓಡಿಸುವುದೆಂದರೆ ಅವನಿಗೆ ಬಲು ಪ್ರೀತಿ. ಕೆಲವು ವರ್ಷ ಕೂಡಿಟ್ಟ ಹಣ ಕೈಯಲ್ಲಿದೆ. ಅವನ ಮುಂದೆ ಎರಡು ಸೆಕೆಂಡ್ ಹ್ಯಾಂಡ್ ಕಾರುಗಳಿವೆ. ಒಂದು, ಚೆನ್ನಾಗಿ ನೋಡಿಕೊಂಡ ಹಳೆಯ ಸ್ವಿಫ್ಟ್. ಇನ್ನೊಂದು, ಬೆಂಗಳೂರಿನಲ್ಲಿ ಮಾರಾಟಕ್ಕಿರುವ, ಹೊರದೇಶದಿಂದ ಆಮದಾಗಿ ಬಂದ, ಇದರ ಎರಡು ಮೂರು ಪಟ್ಟು ಶಕ್ತಿಯುಳ್ಳ ಕಾರು. ಹೊಸದಾಗಿದ್ದಾಗ ಅದರ ಬೆಲೆ ಕೇಳುವುದಕ್ಕೂ ಅಂಜಿಕೆಯಾಗುತ್ತಿತ್ತು. ಹಳೆಯದಾದ ಮೇಲೆ ಆ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಗೆಳೆಯರೆಲ್ಲ ಎರಡನೆಯದನ್ನೇ ಕೊಳ್ಳು ಎನ್ನುತ್ತಾರೆ. ಅವನು ಯಾವುದನ್ನು ಆರಿಸಬೇಕು?

ಮೊದಲು ವಾಸ್ತವವನ್ನು ತಿಳಿದುಕೊಳ್ಳೋಣ. 2005ರ ಮೇ ತಿಂಗಳಲ್ಲಿ ಭಾರತದ ಮಾರುಕಟ್ಟೆಗೆ ಬಂದ ಸ್ವಿಫ್ಟ್‌ನ ಮೊದಲ ಪೆಟ್ರೋಲ್ ಮಾದರಿಯ ಎಂಜಿನ್ 1298 ಸಿ.ಸಿ.ಯದು. ಅದರ ಬಲ ಸುಮಾರು 87 ಅಶ್ವಶಕ್ತಿ, ಕಾರಿನ ತೂಕ ಸುಮಾರು ಒಂದು ಟನ್. ಅದೇ ಕುಲದ ಎಂಜಿನ್ 1994ರಲ್ಲಿ ಬಂದ ಎಸ್ಟೀಮ್ ಕಾರಿನಲ್ಲೂ ಇದ್ದುದರಿಂದ ನಮ್ಮ ಕಡೆಯ ಗ್ಯಾರೇಜುಗಳಿಗೆ ಅದು ಹಳೆಯ ಪರಿಚಯ. ಜಪಾನಿನಲ್ಲಿ ಇದೇ ಸ್ವಿಫ್ಟ್‌ಗೆ 'ಸ್ಪೋರ್ಟ್' ಎಂಬ ಅಣ್ಣನಿದ್ದ. ಅವನದು 1.6 ಲೀಟರಿನ ಎಂಜಿನ್, ಸುಮಾರು 125 ಅಶ್ವಶಕ್ತಿ. ಆ ಮಾದರಿ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬರಲೇ ಇಲ್ಲ. ಆದರೂ ಇಲ್ಲಿಯ ತಮ್ಮನೇನೂ ಬಡವನಲ್ಲ. ಹಗುರ ಮೈ, ಹೇಳಿದಂತೆ ಕೇಳುವ ಸ್ಟೀರಿಂಗ್, ಚುರುಕಾದ ಎಂಜಿನ್ ಇವುಗಳಿಂದಾಗಿ ಓಡಿಸುವ ಸುಖವನ್ನು ಬಯಸಿದವರು ಅದನ್ನು ಮೆಚ್ಚಿಕೊಂಡರು.

ಇನ್ನು ಈ ತರುಣ ಓಡಾಡುವ ರಸ್ತೆಗಳನ್ನು ನೋಡೋಣ. ಹಾನಗಲ್ಲಿನಿಂದ ಆನವಟ್ಟಿಯತ್ತ ಹೊರಟರೆ ಮಲೆನಾಡಿನ ಸೆರಗು. ಮಳೆಗಾಲದಲ್ಲಿ ರಸ್ತೆಯ ಅಂಚು ಎಲ್ಲಿ ಮುಗಿಯಿತು, ಗದ್ದೆ ಎಲ್ಲಿ ತೊಡಗಿತು ಎಂದು ತಿಳಿಯುವುದೇ ಕಷ್ಟ. ಹಿರೇಕೆರೂರಿನ ಕಡೆ ಸುಗ್ಗಿಯ ದಿನಗಳಲ್ಲಿ ಗೋವಿನಜೋಳವನ್ನು ರಸ್ತೆಯ ಮೇಲೆಯೇ ಒಣಗಲು ಹರಡಿರುತ್ತಾರೆ. ಕಾಳು ಚದುರದಿರಲೆಂದು ಸುತ್ತ ಕಲ್ಲು ಇಟ್ಟಿರುತ್ತಾರೆ. ಸವಣೂರಿನ ದಾರಿಯಲ್ಲಿ ಸಂಜೆಯಾದರೆ ಎಮ್ಮೆ ದನಗಳು ಮನೆಗೆ ಮರಳುತ್ತವೆ. ಕಬ್ಬು ಹೇರಿದ ಟ್ರ್ಯಾಕ್ಟರು ಹಿಂದೀಪವಿಲ್ಲದ ಟ್ರೇಲರನ್ನು ಎಳೆದುಕೊಂಡು ಕತ್ತಲಲ್ಲಿ ಎದುರಾಗುತ್ತದೆ. ಬಣ್ಣ ಅಳಿಸಿಹೋದ ಹಂಪುಗಳಿಗಂತೂ ಲೆಕ್ಕವಿಲ್ಲ. ಶಿಗ್ಗಾವಿಯನ್ನು ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯೊಂದೇ ಅಗಲವಾದುದು. ಅಂತಹ ಚತುಷ್ಪಥ ಹೆದ್ದಾರಿಗಳಿಗೂ 2018ರಲ್ಲಿ ಕೇಂದ್ರ ಸರ್ಕಾರ ವೇಗಮಿತಿಯನ್ನು ಏರಿಸಿದಾಗ ಕಾರುಗಳಿಗೆ ನಿಗದಿಪಡಿಸಿದ್ದು ಗಂಟೆಗೆ 100 ಕಿಲೋಮೀಟರ್ ಮಾತ್ರ. ಆ ವೇಗವನ್ನು 87 ಅಶ್ವಶಕ್ತಿಯ ಕಾರು ಸಲೀಸಾಗಿ ಮುಟ್ಟುತ್ತದೆ. ಹಾಗಾದರೆ ಇನ್ನೂರು, ಮುನ್ನೂರು ಅಶ್ವಶಕ್ತಿಯ ಕಾರಿನಲ್ಲಿ ಉಳಿದ ಶಕ್ತಿ ಯಾರಿಗಾಗಿ?

ಈ ಪ್ರಶ್ನೆಯೇ ನಮ್ಮ ವಿಚಾರದ ತಿರುಳು. ಬಳಕೆಗೆ ಬಾರದ ಶಕ್ತಿ ಸುಮ್ಮನೆ ಕುಳಿತಿರುವುದಿಲ್ಲ. ಅದು ಎರಡು ಕಡೆ ದಾರಿ ಹುಡುಕುತ್ತದೆ. ಒಂದೋ ನೋಡುವವರ ಕಣ್ಣಿನಲ್ಲಿ ಮೆರೆಯಲು ಬಯಸುತ್ತದೆ. ಇಲ್ಲವೇ ಒಂದು ದಿನ, ಖಾಲಿ ರಸ್ತೆ ಕಂಡ ಗಳಿಗೆಯಲ್ಲಿ, ತನ್ನನ್ನು ಪರೀಕ್ಷಿಸಿ ನೋಡೆಂದು ಓಡಿಸುವವನನ್ನು ಕೆಣಕುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ, 100ರಲ್ಲಿ ಸುಮಾರು 28 ಮೀಟರ್. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ದೂರ ಕಳೆದೇಹೋಗಿರುತ್ತದೆ. ಮುಂದಿನದು ಇನ್ನೂ ಕಠಿಣ: ವೇಗ ಎರಡು ಪಟ್ಟಾದರೆ ಚಲಿಸುವ ವಸ್ತುವಿನ ಚೈತನ್ಯ ನಾಲ್ಕು ಪಟ್ಟಾಗುತ್ತದೆ; ಬ್ರೇಕು ಹಾಕಿದ ಮೇಲೆ ನಿಲ್ಲಲು ಬೇಕಾದ ದೂರವೂ ಹೆಚ್ಚು ಕಡಿಮೆ ನಾಲ್ಕು ಪಟ್ಟು. ಇದು ನಿಸರ್ಗದ ನಿಯಮ. ಕಾರಿನ ಬೆಲೆಯನ್ನಾಗಲಿ ಮಾಲೀಕನ ಅಂತಸ್ತನ್ನಾಗಲಿ ಅದು ನೋಡುವುದಿಲ್ಲ. ಆ ದೂರದೊಳಗೆ ಗೋವಿನಜೋಳ ಕೂಡಿಸುತ್ತಿರುವ ಅಜ್ಜಿ ಇರಬಹುದು, ಶಾಲೆಯಿಂದ ಬರುವ ಮಗು ಇರಬಹುದು. ಶಕ್ತಿಯ ಬೆಲೆಯನ್ನು ಕೊಂಡವನು ಮಾತ್ರ ತೆರುವುದಿಲ್ಲ, ದಾರಿಹೋಕನೂ ತೆರಬೇಕಾಗುತ್ತದೆ. "ನನ್ನ ದುಡ್ಡು, ನನ್ನ ಇಷ್ಟ" ಎಂಬ ಮಾತು ರಸ್ತೆಯ ಮೇಲೆ ಪೂರ್ಣ ಸತ್ಯವಾಗದಿರುವುದು ಈ ಕಾರಣಕ್ಕೆ.

ಇಷ್ಟನ್ನು ಹೇಳಿದೊಡನೆ, ಹೊರದೇಶದ ವಸ್ತುವೇ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಸವಣೂರಿನ ಹೆಸರಾಂತ ದೊಡ್ಡಹುಣಸೆ ಮರಗಳ ಮೂಲ ಆಫ್ರಿಕಾ. ನಮ್ಮ ಅಡುಗೆಮನೆಯ ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು. ಆ ತರುಣ ನೋಡುತ್ತಿರುವ ಸ್ವಿಫ್ಟ್ ಕೂಡ ಜಪಾನಿನ ವಿನ್ಯಾಸವೇ. ದೂರದಿಂದ ಬಂದದ್ದು ನಮ್ಮ ನೆಲಕ್ಕೂ ಅಗತ್ಯಕ್ಕೂ ಹೊಂದಿಕೊಂಡರೆ ಅದು ನಮ್ಮದೇ ಆಗುತ್ತದೆ. ಪ್ರಶ್ನೆ ಇರುವುದು ಅಳತೆಯಲ್ಲಿ.

ಈ ಅಳತೆಯ ಅರಿವು ನಮ್ಮ ಜಿಲ್ಲೆಯ ಗೃಹಿಣಿಯರಿಗೆ ಹೊಸತಲ್ಲ. ನೆರೆಯ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದಕ್ಕೆ ಆ ಗೌರವ ಬಂದದ್ದು ಅತಿ ಹೆಚ್ಚು ಖಾರವೆಂದಲ್ಲ. ಅದಕ್ಕಿಂತ ಎಷ್ಟೋ ಖಾರದ ಕಾಯಿಗಳು ಪೇಟೆಯಲ್ಲಿವೆ. ಕಡುಗೆಂಪು ಬಣ್ಣ, ಹದವಾದ ಖಾರ, ಇವೇ ಅದರ ಹಿರಿಮೆ. ಹೆಚ್ಚು ಖಾರವೇ ಹೆಚ್ಚು ಗುಣವೆಂದು ಯಾವ ತಾಯಿಯೂ ಮಸಾಲೆ ಅರೆಯುವುದಿಲ್ಲ. ಉಣ್ಣುವವರು ಯಾರೆಂದು ನೋಡಿ ಅರೆಯುತ್ತಾಳೆ. ಅಡುಗೆಮನೆಯಲ್ಲಿ ನಮಗಿರುವ ಈ ವಿವೇಕ ಅಂಗಳದಲ್ಲಿ ನಿಲ್ಲುವ ವಾಹನದ ವಿಷಯಕ್ಕೆ ಬಂದಾಗ ಏಕೆ ಮರೆಯಾಗುತ್ತದೆ?

ಶಿಗ್ಗಾವಿ ತಾಲೂಕಿನ ಬಾಡ ಗ್ರಾಮದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯಚರಿತ್ರೆ'ಯಲ್ಲಿ ಇದೇ ವಿಚಾರವನ್ನು ಬೇರೊಂದು ಬಗೆಯಲ್ಲಿ ಎತ್ತಿದ್ದಾರೆ. ಅಲ್ಲಿ ಸಿರಿವಂತರ ಎಲೆಯ ಮೇಲಿನ ಅಕ್ಕಿಯಾಗುವ ಭತ್ತಕ್ಕೂ ಬಡವರ ಅನ್ನವಾದ ರಾಗಿಗೂ ಯಾರು ಶ್ರೇಷ್ಠರೆಂಬ ವಾದ ಹುಟ್ಟುತ್ತದೆ. ಶ್ರೀರಾಮ ತೀರ್ಪನ್ನು ಒಡನೆಯೇ ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ಭತ್ತ ಕುಂದಿರುತ್ತದೆ. ರಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ಈ ಕಥೆಯನ್ನು ನಾವು ಕಾರಿಗೂ ಅನ್ವಯಿಸಬಹುದು. ಕೊಂಡ ದಿನದ ಹೊಳಪು ಪರೀಕ್ಷೆಯಲ್ಲ. ಆರು ತಿಂಗಳ ನಂತರ ಏನಾಗುತ್ತದೆ ಎಂಬುದೇ ಪರೀಕ್ಷೆ. ಆಮದು ಕಾರಿನ ಕೊಳ್ಳುವ ಬೆಲೆ ವರ್ಷ ಕಳೆದಂತೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಒಂದು ದೀಪ ಒಡೆದರೆ, ಒಂದು ಸೆನ್ಸರ್ ಕೆಟ್ಟರೆ ಹುಬ್ಬಳ್ಳಿಯಲ್ಲೂ ಸಿಗದೆ ದೂರದ ಊರಿನಿಂದ ತರಿಸಬೇಕಾಗಬಹುದು. ಆಗ ಕಾರು ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ನಿಂತಿರುತ್ತದೆ. ಅಕ್ಕನ ಹೆರಿಗೆಗೆ ಹಿರೇಕೆರೂರಿಗೆ ಹೋಗಬೇಕಾದ ರಾತ್ರಿ ತರುಣ ಬಾಡಿಗೆ ವಾಹನ ಹುಡುಕುತ್ತಿರುತ್ತಾನೆ. ವಾಹನ ನಮ್ಮ ಸೇವೆಗೆ ಇರುವ ಬದಲು ನಾವೇ ಅದರ ಸೇವೆಗೆ ನಿಲ್ಲುವ ಸ್ಥಿತಿ ಇದು.

ವಿವೇಚನೆಯುಳ್ಳ ಓದುಗರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು: "ದೊಡ್ಡ ಕಾರಿನಲ್ಲಿ ಸುರಕ್ಷತೆ ಹೆಚ್ಚಲ್ಲವೇ? ಹಳೆಯ ಚಿಕ್ಕ ಕಾರನ್ನು ಕೊಂಡು ಹೆಂಡತಿ ಮಕ್ಕಳ ಪ್ರಾಣವನ್ನು ಪಣಕ್ಕೊಡ್ಡಬೇಕೇ?" ಆಕ್ಷೇಪ ನ್ಯಾಯವಾದುದು. ಭಾರತದಲ್ಲಿ ಹೊಸ ಕಾರುಗಳಿಗೆ ಎ.ಬಿ.ಎಸ್. ಬ್ರೇಕು ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೂ ಹಿಂದಿನ ಅನೇಕ ಕಾರುಗಳಲ್ಲಿ ಅವು ಇರಲಿಲ್ಲ. ಮೊದಲ ಸ್ವಿಫ್ಟ್‌ನಲ್ಲೂ ಅವೆರಡೂ ಒಟ್ಟಿಗೆ ಇದ್ದದ್ದು ಝಡ್‌ಎಕ್ಸ್‌ಐ ಎಂಬ ಮೇಲ್ದರ್ಜೆಯಲ್ಲಿ. ಅಲ್ಲದೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ವಾಹನದ ಯೋಗ್ಯತೆಯನ್ನು ತಪಾಸಣೆ ಮಾಡಿಸಿ ನವೀಕರಿಸಬೇಕು. ಆದ್ದರಿಂದ ಸರಳತೆಯ ಹೆಸರಿನಲ್ಲಿ ತುಕ್ಕು ಹಿಡಿದ, ಬ್ರೇಕು ಸವೆದ ಗಾಡಿ ಕೊಳ್ಳುವುದು ಮಿತವ್ಯಯವಲ್ಲ, ಅಜಾಗ್ರತೆ. ಮೊದಲ ಸ್ವಿಫ್ಟ್‌ನಲ್ಲಿ ತಕ್ಕದ್ದು ದೊರೆಯದಿದ್ದರೆ, ಏರ್‌ಬ್ಯಾಗ್ ಇರುವ ನಂತರದ ವರ್ಷಗಳ ಚಿಕ್ಕ ಕಾರನ್ನೇ ನೋಡಲಿ. ಆಮದು ಕಾರಿನ ಎಂಜಿನ್ ಬೇಡವೆಂದಾಗ ಉಳಿಯುವ ಹಣದಲ್ಲಿ ಒಳ್ಳೆಯ ಟೈರು, ಹೊಸ ಬ್ರೇಕು, ಮಕ್ಕಳ ಸೀಟು ಬರಲಿ. ಸುರಕ್ಷತೆ ಬೇರೆ, ಅಶ್ವಶಕ್ತಿ ಬೇರೆ. ಇವೆರಡನ್ನೂ ಒಂದೇ ಎಂಬಂತೆ ತೋರಿಸುವುದು ಮಾರುವವರ ಜಾಣ್ಮೆ. ಬೇರ್ಪಡಿಸಿ ನೋಡುವುದು ಕೊಳ್ಳುವವರ ಹೊಣೆ.

ಎರಡನೆಯ ಆಕ್ಷೇಪ ಸಂತೋಷಕ್ಕೆ ಸಂಬಂಧಿಸಿದ್ದು. ತರುಣನ ಪ್ರೀತಿಯನ್ನು ನಾವು ಹಂಗಿಸಬೇಕೇ? ಖಂಡಿತ ಬೇಡ. ಅರಿಸ್ಟಾಟಲನ ದಾರಿಯಲ್ಲಿ ನಡೆದು 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಸಂಯಮವನ್ನು ವಿವರಿಸುವಾಗ, ಸಹಜವಾದ ಸುಖವನ್ನು ಕಾರಣವಿಲ್ಲದೆ ತಿರಸ್ಕರಿಸುವುದನ್ನೂ ದೋಷವೆಂದೇ ಎಣಿಸಿದರು. ಸಂಯಮವೆಂದರೆ ಸುಖದ ಹಗೆಯಲ್ಲ, ಸುಖದ ಹದ. ಚಿಕ್ಕ ಕಾರನ್ನು ಬಲ್ಲವನು ಅದರ ಪೂರ್ಣ ಸಾಮರ್ಥ್ಯವನ್ನು ನ್ಯಾಯವಾದ ವೇಗದಲ್ಲಿಯೇ ಅನುಭವಿಸುತ್ತಾನೆ. ತಿರುವಿಗೆ ಮುನ್ನ ಗೇರು ಇಳಿಸುವುದು, ಎಂಜಿನ್ನಿನ ದನಿ ಕೇಳಿಯೇ ಅದರ ಆಯಾಸವನ್ನು ತಿಳಿಯುವುದು, ಹಿಂದೆ ಕುಳಿತ ತಾಯಿಯ ತಲೆ ಅಲುಗದಂತೆ ಬ್ರೇಕು ಒತ್ತುವುದು, ಇವೆಲ್ಲ ಕೌಶಲ, ಕೌಶಲದಲ್ಲಿ ಆನಂದವಿದೆ. ಮಹಾಶಕ್ತಿಯ ಕಾರಿನಲ್ಲಿ ಅದರ ಕಾಲುಭಾಗವನ್ನೂ ಬಳಸಲಾಗದೆ ಹಂಪಿನಿಂದ ಹಂಪಿಗೆ ತೆವಳುವವನಿಗೆ ದೊರೆಯುವುದು ಒಡೆತನದ ಬಿಂಕ ಮಾತ್ರ.

ಇಷ್ಟಾಗಿಯೂ ಒಂದು ಸೂಕ್ಷ್ಮ ಅಪಾಯ ಉಳಿದಿದೆ. 1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ರಸ್ತೆ ಅಪಘಾತಗಳ ಸಾವು ವರ್ಷಕ್ಕೆ ಹತ್ತು ಸಾವಿರವನ್ನು ದಾಟಿತು. ಆಗ ಅಲ್ಲಿಯ ಕಾರು ತಯಾರಕರು, ತಮ್ಮ ದೇಶದಲ್ಲಿ ಮಾರುವ ಯಾವ ಕಾರಿನ ಬಲವೂ 280 ಅಶ್ವಶಕ್ತಿಯನ್ನು ಮೀರಬಾರದೆಂದು ತಮ್ಮತಮ್ಮಲ್ಲೇ ಒಪ್ಪಿಕೊಂಡರು. ಕಾನೂನಿನ ಒತ್ತಾಯವಿಲ್ಲದೆ ಪೈಪೋಟಿಗಾರರೇ ತಮಗೆ ತಾವು ಹಾಕಿಕೊಂಡ ಈ ಕಡಿವಾಣ 2004ರವರೆಗೆ ನಡೆಯಿತು. ಆದರೆ ಕಾಲಕ್ರಮದಲ್ಲಿ ಕೆಲವು ಕಾರುಗಳು ಕಾಗದದ ಮೇಲೆ 280 ಎಂದು ಬರೆದುಕೊಂಡು, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚಿನ ಬಲ ಹೊಂದಿದ್ದವೆಂದು ವಾಹನ ಬಲ್ಲವರು ಹೇಳುತ್ತಾರೆ. ಅಂಕಿಯಲ್ಲಿ ಸಂಯಮ, ಒಳಗೆ ಅದೇ ಪೈಪೋಟಿ!

ನಮ್ಮ ಸರಳತೆಯೂ ಹೀಗಾಗಬಹುದು. "ಕೊಳ್ಳುವ ಶಕ್ತಿ ಇತ್ತು, ಆದರೂ ನೋಡಿ, ನಾನು ಹಳೆಯ ಕಾರಿನಲ್ಲೇ ಓಡಾಡುತ್ತೇನೆ" ಎಂದು ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವವನು ದೊಡ್ಡ ಕಾರಿನಲ್ಲಿ ಬಂದಿಳಿದವನಿಗಿಂತ ಭಿನ್ನನಲ್ಲ. ಇಬ್ಬರೂ ಕಾರನ್ನು ಕನ್ನಡಿಯಾಗಿ ಬಳಸಿದರು. ಹಾಗೆಯೇ ದೊಡ್ಡ ಕಾರು ಕೊಂಡ ನೆರೆಯವನನ್ನು ಕಂಡು ಮೂಗು ಮುರಿಯುವುದೂ ಸಂಯಮವಲ್ಲ. ಅವನ ಅಗತ್ಯವನ್ನು ಅಳೆಯುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಗಾದೆ. ಆದರೆ ಅದು ಹಾಸಿಗೆ ಗಿಡ್ಡವಾದವರಿಗೆ ಹೇಳಿದ ಮಾತು. ಹಾಸಿಗೆ ಉದ್ದವಿದ್ದೂ, ಪಕ್ಕದಲ್ಲಿ ಮಲಗಿದವರಿಗೆ ಜಾಗವಿರಲೆಂದು ಕಾಲು ಮಡಚುವುದು ಅದಕ್ಕಿಂತ ದೊಡ್ಡ ಗುಣ. ಮೊದಲನೆಯದನ್ನು ಬಡತನವೂ ಕಲಿಸುತ್ತದೆ. ಎರಡನೆಯದನ್ನು ಪ್ರೀತಿ ಮಾತ್ರ ಕಲಿಸಬಲ್ಲದು.

ಪ್ರಿಯ ಓದುಗರೇ, ತಮ್ಮ ಮನೆಯಲ್ಲಿ ಕಾರು ಕೊಳ್ಳುವ ಮಾತು ಬಂದಾಗ, ಅಥವಾ ಬೈಕು, ಮೊಬೈಲು, ಮದುವೆಯ ಮಂಟಪ ಯಾವುದರ ಮಾತೇ ಬಂದರೂ, ಊಟದ ನಂತರ ಎಲ್ಲರೂ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದರ ಶಕ್ತಿಯಲ್ಲಿ ನಮ್ಮ ದಿನನಿತ್ಯದ ದಾರಿಗೆ ಬೇಕಾದದ್ದು ಎಷ್ಟು? ಮಿಕ್ಕದ್ದರ ಬೆಲೆಯನ್ನು ತೆರುವವರು ಯಾರು? ಯಾರೂ ನೋಡದಿದ್ದರೂ ನಾವು ಇದನ್ನೇ ಬಯಸುತ್ತಿದ್ದೆವೇ? ಮಕ್ಕಳನ್ನು ಹೊರಗೆ ಕಳುಹಿಸಬೇಡಿ, ಅವರೂ ಕೇಳಲಿ. ಬೇಕೆನ್ನುವುದನ್ನು ಅವರಿಗೆ ಜಾಹೀರಾತುಗಳು ಹಗಲಿರುಳು ಕಲಿಸುತ್ತಿವೆ. ಸಾಕೆನ್ನುವುದನ್ನು ಕಲಿಸಲು ಮನೆಯ ಹೊರತು ಬೇರೆ ಶಾಲೆಯಿಲ್ಲ.