ಸಾಕೆಂಬ ಅಳತೆ

ಕ್ಷಣಕ್ಕೊಂದು ಬಗೆಯಾಗುವುದು ಹೆಣ್ಣಿನ ಮನಸ್ಸೆಂದು ಲೋಕದವರು ನುಡಿಯುವುದುಂಟು. ಶರಣರ ಚರಿತ್ರೆಯೆದುರು ಈ ಮಾತು ನಿಲ್ಲಲಾರದು.

12ನೆಯ ಶತಮಾನದ ಕಲ್ಯಾಣದಲ್ಲಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ದಾಸೋಹ ನಡೆಸುವುದು ಮಾರಯ್ಯನವರ ಕಾಯಕವಾಗಿದ್ದಿತು. ಒಂದು ದಿನ ಅವರು ನಿತ್ಯದ ಅಳತೆಯನ್ನು ಮೀರಿ ಅಕ್ಕಿ ತಂದರು. ಬಡತನದ ಮನೆಯಾದರೂ ಸತಿ ಲಕ್ಕಮ್ಮನವರು ಹಿಗ್ಗಲಿಲ್ಲ. ಮಿಕ್ಕುದನ್ನು ಆಯ್ದಲ್ಲಿಯೇ ಸುರಿದು ಬರುವಂತೆ ಪತಿಗೆ ತಿಳಿಹೇಳಿದರು. ಇಲ್ಲಿ ಚಲಿಸಿದ ಮನಸ್ಸು ಯಾರದು? ನಿಂತ ಮನಸ್ಸು ಯಾರದು?

ನಾಳೆಗೆಂದು ಒಂದು ಹಿಡಿ ಹೆಚ್ಚು ಇರಿಸಿಕೊಂಡರೆ ದೋಷವೇನೆಂದು ಗೃಹಸ್ಥರು ಕೇಳಬಹುದು. ಮಕ್ಕಳುಮರಿಗಳುಳ್ಳ ಮನೆಗೆ ಸಂಗ್ರಹವು ಬೇಕು, ನಿಜ. ಆದರೆ ಲಕ್ಕಮ್ಮನವರು ಕಂಡುದು ಅಕ್ಕಿಯ ರಾಶಿಯನ್ನಲ್ಲ, ಅದರ ಹಿಂದೆ ಮೊಳೆತ ಆಸೆಯನ್ನು. ಹೆಚ್ಚು ಬಂದಂದು ಹಿಗ್ಗಿದ ಮನವು ಕಡಮೆ ಬಂದಂದು ಕುಗ್ಗದೆ ಇರದು. ಮನೆಯವರ ಮುನಿಸು, ಬೇಸರ, ನಿಟ್ಟುಸಿರುಗಳಲ್ಲಿ ಎಷ್ಟೋ ಇದರಿಂದಲೇ ಹುಟ್ಟುತ್ತವೆ.

ಒಳಗಿನ ಆತ್ಮವು ಹೆಣ್ಣೂ ಅಲ್ಲ, ಗಂಡೂ ಅಲ್ಲವೆಂಬುದು ಜೇಡರ ದಾಸಿಮಯ್ಯನವರ ನಿಲುವು. ಅಂದಮೇಲೆ ಚಾಂಚಲ್ಯವು ಹೆಣ್ಣಿಗೆ, ಸ್ಥೈರ್ಯವು ಗಂಡಿಗೆ ಎಂದು ಹಂಚಿಕೊಡುವುದೆಂತು? ಸಾಕೆಂದು ಬಲ್ಲವರದೇ ಸ್ಥೈರ್ಯ.

ಆದುದರಿಂದ ಮನಸ್ಸು ಕದಡಿದಾಗ ಸತಿಪತಿಗಳು ಒಬ್ಬರನ್ನೊಬ್ಬರು ದೂರುವ ಮೊದಲು ತಮ್ಮನ್ನು ತಾವೇ ಕೇಳಿಕೊಳ್ಳಲಿ: ಇಂದು ಬೇಕಾದುದು ಕೊರತೆಯಾಯಿತೋ, ಬೇಡವಾದುದು ಕೈತಪ್ಪಿತೋ? ಉತ್ತರವು ದೊರೆತೊಡನೆ ಅರ್ಧ ದುಃಖವು ಕಳೆದಂತೆಯೇ. ಉಳಿದರ್ಧವನ್ನು ಕಾಯಕವು ಕಳೆಯುವುದು.