ಕದ ಬದಲಾದ ಮನೆ ಅದೇ ಮನೆಯೇ?

ಭಾಗಗಳು ಬದಲಾದ ಮೇಲೂ ಒಂದು ವಸ್ತು ಮೊದಲಿನ ವಸ್ತುವಾಗಿಯೇ ಉಳಿಯುತ್ತದೆಯೇ ಎಂಬುದು ಭಾರತೀಯ ದರ್ಶನಗಳು ಬಹುಕಾಲ ಚರ್ಚಿಸಿದ ಪ್ರಶ್ನೆ. ಬಳ್ಳಾರಿ ಸೀಮೆಯ ಮೋಕದಂಥ ಊರುಗಳಲ್ಲಿ ಈ ಪ್ರಶ್ನೆ ಗ್ರಂಥಗಳಾಚೆಗೂ ಎದುರಾಗುತ್ತದೆ. ಅಲ್ಲಿನ ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ಒಂದು ಕಾಲಕ್ಕೆ ಎತ್ತಿನ ಬಂಡಿ ನಿಲ್ಲುತ್ತಿದ್ದ ಕೊಟ್ಟಿಗೆಯಲ್ಲಿ ಇಂದು ಬೈಕೋ ಟ್ರ್ಯಾಕ್ಟರೋ ನಿಂತಿರುತ್ತದೆ. ಆ ಕೊಟ್ಟಿಗೆಯ ಮರದ ಜೋಡಿ ಕದಗಳಿಗೂ ಕಿಟಕಿಗೂ ಗೆದ್ದಲು ಹಿಡಿದು, ಮನೆಯವರೇ ಕೈಯಾರೆ ಅವನ್ನು ಬಿಚ್ಚಿ ಹೊಸದನ್ನು ಕೂರಿಸಲು ಮುಂದಾದಾಗ, ಹಿರಿಯರು ಇಡಿಸಿದ ಬಾಗಿಲು ಹೋದ ಮೇಲೂ ಅದು ಹಿರಿಯರ ಮನೆಯಾಗಿ ಉಳಿಯುವುದೇ ಎಂಬ ಅಳುಕು ಸಹಜವಾಗಿಯೇ ಮೂಡುತ್ತದೆ.

ನ್ಯಾಯ–ವೈಶೇಷಿಕರು ಭಾಗವನ್ನು ಅವಯವವೆಂದೂ ಭಾಗಗಳಿಂದಾದ ಇಡೀ ವಸ್ತುವನ್ನು ಅವಯವಿಯೆಂದೂ ಕರೆದು, ಅವಯವ ನಾಶವಾದರೆ ಹಳೆಯ ಅವಯವಿಯೂ ನಾಶವಾಗಿ ಹೊಸದೊಂದು ಹುಟ್ಟುತ್ತದೆ ಎಂದರು. ಬೌದ್ಧರು ಇನ್ನೂ ಮುಂದೆ ಹೋದರು. ಗ್ರೀಕ್ ಮೂಲದ ದೊರೆ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದವೆಂದು ಪ್ರಸಿದ್ಧವಾದ ‘ಮಿಲಿಂದಪನ್ಹ’ದಲ್ಲಿ, ಗಾಲಿ, ಅಚ್ಚು, ನೊಗಗಳ ಆಚೆಗೆ ರಥವೆಂಬ ಬೇರೊಂದು ವಸ್ತುವಿಲ್ಲ, ಅವುಗಳ ಕೂಟಕ್ಕೆ ವ್ಯವಹಾರದಲ್ಲಿ ಇಟ್ಟ ಹೆಸರೇ ರಥ ಎಂಬ ವಾದ ಬರುತ್ತದೆ. ಜೈನರಾದರೋ ಇರುವುದೆಲ್ಲವೂ ಹುಟ್ಟು, ಅಳಿವು, ಸ್ಥಿರತೆ ಎಂಬ ಮೂರರಿಂದಲೂ ಕೂಡಿದೆಯೆಂದು ‘ತತ್ತ್ವಾರ್ಥಸೂತ್ರ’ದಲ್ಲಿ ನಿರೂಪಿಸಿ, ಮಾರ್ಪಡುವ ಅವಸ್ಥೆಯನ್ನು ಪರ್ಯಾಯವೆಂದೂ ಮಾರ್ಪಾಡುಗಳ ನಡುವೆ ಉಳಿಯುವುದನ್ನು ದ್ರವ್ಯವೆಂದೂ ಹೆಸರಿಸಿದರು.

ದೇವಾಲಯದ ಸಂಪ್ರದಾಯವು ಇದೇ ಪ್ರಶ್ನೆಗೆ ಆಚರಣೆಯ ಮೂಲಕ ಉತ್ತರ ಕೊಟ್ಟಿದೆ. ಶಿಥಿಲವಾದ ಗುಡಿಯನ್ನೋ ಮೂರ್ತಿಯನ್ನೋ ಸರಿಪಡಿಸುವುದಕ್ಕೆ ಆಗಮಗಳು ಜೀರ್ಣೋದ್ಧಾರವೆಂದು ಹೆಸರಿಟ್ಟಿವೆ. ಕೆಲಸ ಶುರುವಾಗುವ ಮುನ್ನ ಮೂರ್ತಿಯಲ್ಲಿರುವ ದೈವಸಾನ್ನಿಧ್ಯವನ್ನು ಕಲಶಕ್ಕೆ ಬರಮಾಡಿಕೊಳ್ಳುವ ವಿಧಿಯೇ ಕಲಾಕರ್ಷಣ. ಪುರಿಯ ಜಗನ್ನಾಥನ ಬೇವಿನ ಮರದ ಮೂರ್ತಿಗಳನ್ನು ನವಕಲೇವರವೆಂಬ ವಿಧಿಯಲ್ಲಿ, ಕೊನೆಯ ಬಾರಿಗೆ 2015ರಲ್ಲಿ, ಹೊಸದಾಗಿ ಮಾಡಿದಾಗಲೂ ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಹೊಸದರೊಳಗೆ ಇರಿಸಿದ್ದರಿಂದ ಭಕ್ತರ ಪಾಲಿಗೆ ದೇವರು ಬದಲಾಗಲಿಲ್ಲ. ಮರ ನಶ್ವರವೆಂದು ಒಪ್ಪಿಕೊಂಡೇ ಈ ಸಂಪ್ರದಾಯಗಳು ಸಾತತ್ಯವನ್ನು ಕಾಪಾಡಿಕೊಂಡಿವೆ. ಆದರೆ ಕೊಟ್ಟಿಗೆಯ ಕದದಲ್ಲಿ ಹೀಗೆ ವರ್ಗಾಯಿಸಬೇಕಾದ ಸಾನ್ನಿಧ್ಯವಿಲ್ಲ. ಹಾಗಾದರೆ ಅಲ್ಲಿ ಹಳೆಯದರಿಂದ ಹೊಸದಕ್ಕೆ ದಾಟುವುದಾದರೂ ಏನು?

ಉತ್ತರಕ್ಕೆ ಆ ಕೆಲಸವನ್ನೇ ಹತ್ತಿರದಿಂದ ನೋಡಬೇಕು. ಹಳೆಯ ಕದಕ್ಕೆ ಎಷ್ಟೋ ಕಡೆ ಕಬ್ಬಿಣದ ಕೀಲುಗಳೇ ಇರುವುದಿಲ್ಲ. ಹಲಗೆಯ ಅಂಚಿನ ಗೂಟವೇ ಕೆಳಗಿನ ಕಲ್ಲಿನ ಕುಳಿಯಲ್ಲಿ ತಿರುಗುತ್ತಿದ್ದು, ಆ ಕುಳಿ ವರ್ಷಗಳ ಸವೆತದಿಂದ ನುಣುಪಾಗಿರುತ್ತದೆ. ಚೌಕಟ್ಟನ್ನು ಕೀಳುವ ಮೊದಲು ಮೇಲಿನ ಅಡ್ಡತೊಲೆಗೆ ಆಸರೆ ಕೊಡದಿದ್ದರೆ ಮಣ್ಣಿನ ಗೋಡೆಯೂ ಮಾಳಿಗೆಯ ಭಾರವೂ ಕೆಳಗೆ ಜಗ್ಗುವ ಅಪಾಯವಿದೆ. ಹೊಸ ಚೌಕಟ್ಟು ನಿಲ್ಲಿಸುವಾಗ ಮೂಲೆಯಿಂದ ಮೂಲೆಗೆ ಹಿಡಿದ ಎರಡೂ ಕರ್ಣಗಳು ಸಮನಾಗಿರಬೇಕು, ಇಲ್ಲವಾದರೆ ಕದ ಕೂರುವುದಿಲ್ಲ. ಈ ಸೀಮೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಗೋಡೆಯೂ ಅದರೊಂದಿಗೆ ಅಲುಗುತ್ತದೆ. ಆದ್ದರಿಂದ ಕದಕ್ಕೂ ಚೌಕಟ್ಟಿಗೂ ನಡುವೆ ತುಸು ಸಂದು ಬಿಡದಿದ್ದರೆ ಮುಂದಿನ ಮಳೆಗಾಲದಲ್ಲಿ ಬಾಗಿಲು ಬಿಗಿಯುತ್ತದೆ. ಇದನ್ನೆಲ್ಲ ತಾನೇ ಮಾಡುವವನಿಗೆ ಹಿಂದೆ ಇದೇ ಬಾಗಿಲನ್ನು ಕೂರಿಸಿದವರು ಈ ಮಣ್ಣನ್ನೂ ಮಳೆಯನ್ನೂ ಹೇಗೆ ಲೆಕ್ಕಕ್ಕೆ ತೆಗೆದುಕೊಂಡಿದ್ದರು ಎಂಬುದು ಅರಿವಾಗುತ್ತದೆ. ದಾಟುವುದು ಈ ಅರಿವು ಮತ್ತು ಹೊಣೆ, ಮರವಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೂ ಉತ್ತರಿಸಬೇಕು. ಬಾಗಿಲು ಬಡಿಗನ ಕೆಲಸ. ಊರಿನ ಬಡಿಗ, ಕಮ್ಮಾರ, ಕುಂಬಾರರು ವರ್ಷವಿಡೀ ಮಾಡಿದ ಕೆಲಸಕ್ಕೆ ಸುಗ್ಗಿಯಲ್ಲಿ ಧಾನ್ಯದ ಪಾಲು ಪಡೆಯುತ್ತಿದ್ದ ಆಯಗಾರ ಪದ್ಧತಿ ಕಸುಬುಗಳ ಈ ಹಂಚಿಕೆಯನ್ನೇ ನೆಮ್ಮಿತ್ತು. ಹಾಗಿರುವಾಗ ಮನೆಯವನೇ ಉಳಿ ಹಿಡಿಯುವುದು ಕಸುಬಿಗೆ ತೋರುವ ಅನಾದರವಲ್ಲವೇ ಎಂದು ಕೇಳಬಹುದು. ಹನ್ನೆರಡನೆಯ ಶತಮಾನದ ಶರಣರು ಬೋಧಿಸಿದ ಕಾಯಕ, ಅಂದರೆ ಪ್ರಾಮಾಣಿಕ ದುಡಿಮೆಯೇ ಪೂಜೆಯೆಂಬ ತತ್ತ್ವ, ಯಾವ ದುಡಿಮೆಯನ್ನೂ ಕೀಳೆಂದು ಕಾಣಲಿಲ್ಲ, ದುಡಿಮೆಯ ಆಧಾರದ ಮೇಲೆ ಮನುಷ್ಯರನ್ನು ಮೇಲುಕೀಳಾಗಿಸುವುದನ್ನೂ ಒಪ್ಪಲಿಲ್ಲ. ಆ ತತ್ತ್ವದ ಬೆಳಕಿನಲ್ಲಿ ನೋಡಿದರೆ, ಒಮ್ಮೆ ತಾನೇ ಹಲಗೆ ಹೆರೆದು ಕರ್ಣ ಹಿಡಿದವನು ಬಡಿಗನ ವಿದ್ಯೆಯನ್ನು ಮೊದಲಿಗಿಂತ ಹೆಚ್ಚು ಗೌರವಿಸುತ್ತಾನೆಯೇ ಹೊರತು ಕಡೆಗಣಿಸುವುದಿಲ್ಲ. ತನ್ನ ಅಳವಿಗೆ ಮೀರಿದ ಕಡೆ, ಮುಖ್ಯವಾಗಿ ಮಾಳಿಗೆಯ ಭಾರ ಹೊತ್ತ ತೊಲೆಯನ್ನು ಮುಟ್ಟಬೇಕಾದ ಕಡೆ, ಬಡಿಗನನ್ನು ಕರೆದು ಕೇಳುವುದೂ ಕಾಯಕಕ್ಕೆ ಸೇರಿದ ವಿನಯವೇ.

ಆದ್ದರಿಂದ ಕದ ಬದಲಾದರೂ ಮನೆ ಅದೇ ಮನೆ. ಆದರೆ ಅದು ತಾನಾಗಿ ಹಾಗೆ ಉಳಿಯುವುದಿಲ್ಲ, ಉಳಿಸಿಕೊಂಡರೆ ಮಾತ್ರ ಉಳಿಯುತ್ತದೆ. ಗೆದ್ದಲು ಹಿಡಿದ ಬಾಗಿಲನ್ನು ಹಿರಿಯರ ನೆನಪೆಂದು ಹಾಗೆಯೇ ಬಿಟ್ಟು ಗೋಡೆಯನ್ನೂ ಕಳೆದುಕೊಳ್ಳುವವನಿಗಿಂತ, ಅದನ್ನು ಬಿಚ್ಚಿ ಗಟ್ಟಿಮರದ ಹೊಸ ಕದ ಕೂರಿಸಿ, ಅದರ ಅಳತೆಯನ್ನೂ ಸಂದಿನ ಲೆಕ್ಕವನ್ನೂ ಮಕ್ಕಳಿಗೆ ಕಲಿಸುವವನೇ ಹಿರಿಯರ ಮನೆಯ ನಿಜವಾದ ವಾರಸುದಾರ.