ಕಿಟಕಿಯ ಬಳಿಯ ಸಸಿಗಳು

ನಿಮ್ಮ ಆರೈಕೆಯಿಂದಲೇ ಯಾರಾದರೂ ಸೊರಗಿದ್ದುಂಟೇ? ಕಳೆದ ಮುಂಗಾರಿನಲ್ಲಿ ಗುರುಮನೆಯ ಕಿಟಕಿಯ ಬಳಿ ಟೊಮೆಟೊ ಬೀಜ ಹಾಕಿದ ನನಗೆ ಈ ಪ್ರಶ್ನೆ ಎದುರಾಯಿತು.

ಬೇಲೂರು ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಅರಸೀಕೆರೆಯವರು ಮೋಡ ಕಂಡರೆ ಹಿಗ್ಗುತ್ತಾರೆ. ನಾವು ಬಿಸಿಲು ಕಂಡರೆ ಬಟ್ಟೆ ಹರವಲು ಓಡುತ್ತೇವೆ. ಹೊರಗೆ ಮಡಿಯಲ್ಲಿ ಹಾಕಿದರೆ ಕೊಚ್ಚಿಹೋದೀತೆಂದು ಕಾಗದದ ಲೋಟಗಳಲ್ಲಿ, ಒಂದೊಂದಕ್ಕೆ ಮೂರು ಬೀಜದಂತೆ, ಮನೆಯೊಳಗೇ ಬಿತ್ತಿದೆ. ವಾರದಲ್ಲಿ ಮೊಳೆತವು. ಬೆಳಿಗ್ಗೆ ಪೂಜೆಗೆ ಮುಂಚೆ ನೀರು, ಸಂಜೆ ಜಪಸರದ ನಂತರ ಮತ್ತೆ ನೀರು. ಬೇಗ ಬೇಗ ಎತ್ತರವಾದಾಗ ಹೆಮ್ಮೆಯೂ ಪಟ್ಟೆ. ಸರಿಯಾಗಿ ನೋಡಿದರೆ ಕಾಂಡ ದಾರದಂತೆ ಬಿಳಿಚಿಕೊಂಡಿತ್ತು, ಎಲ್ಲವೂ ಕಿಟಕಿಯತ್ತ ವಾಲಿದ್ದವು. ಕೆಲವು ಬುಡದಲ್ಲೇ ಕೊಳೆತು ಮಗುಚಿ ಬಿದ್ದವು. ನಾನು ಮಾಡಿದ್ದೇನು? ಇನ್ನಷ್ಟು ನೀರು ಹಾಕಿದೆ!

ಹಳೇಬೀಡಿನ ಕಡೆ ತರಕಾರಿ ಬೆಳೆಯುವ ತಾಯಿಯೊಬ್ಬರಿಗೆ ತೋರಿಸಿದೆ. “ಇವು ಬೆಳ್ದಿರೋದಲ್ಲ ಫಾದರ್, ಬೆಳಕು ಹುಡುಕ್ಕೊಂಡು ಓಡಿರೋದು. ಬುಡ ಕೊಳ್ತಿರೋದು ನಿಮ್ಮ ನೀರಿಂದಾನೇ” ಎಂದರು.

ಅವರು ಹೇಳಿದ್ದು ನಿಜ. ಬೆಳಕು ಸಾಲದಾಗ ಸಸಿ ತನ್ನ ಶಕ್ತಿಯನ್ನೆಲ್ಲ ಉದ್ದಕ್ಕೇ ವ್ಯಯಿಸುತ್ತದೆ; ಬೇರಿಗೆ, ಕಾಂಡದ ದಪ್ಪಕ್ಕೆ ಉಳಿಯುವುದು ಕಡಿಮೆ. ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ ಬುಡ ಕೊಳೆಸುವ ರೋಗಾಣುಗಳು ಹೆಚ್ಚುತ್ತವೆ. ಗಾಳಿಗೆ ಅಲುಗಾಡಿದ ಕಾಂಡವೇ ಗಟ್ಟಿಯಾಗುವುದು. ಅದಕ್ಕೆಂದೇ ಒಳಗಿನ ಸಸಿಗಳನ್ನು ದಿನವೂ ಅಂಗೈಯಿಂದ ಮೆಲ್ಲನೆ ಸವರುವವರಿದ್ದಾರೆ. ನಾಟಿಗೆ ಒಂದು ವಾರ ಮೊದಲು ನೀರು ತಗ್ಗಿಸಿ, ದಿನಕ್ಕಿಷ್ಟು ಹೊತ್ತು ಎಂದು ಬಿಸಿಲಿಗಿಟ್ಟು ಹದಗೊಳಿಸಬೇಕು. ಒಮ್ಮೆಲೇ ಹೊರಗಿಟ್ಟರೆ ಎಲೆ ಸುಟ್ಟುಹೋಗುತ್ತದೆ.

ಆ ರಾತ್ರಿ ನನಗೆ ನೆನಪಾದದ್ದು ಸಸಿಗಳಲ್ಲ, ಒಬ್ಬ ಹುಡುಗ. ದ್ವಿತೀಯ ಪಿಯುಸಿಯಲ್ಲಿ ಫೇಲಾಗಿದ್ದ. ತಂದೆತಾಯಿ ಸಲಹೆ ಕೇಳಿ ಬಂದಾಗ, ಗೆಳೆಯರನ್ನು ಬಿಡಿಸಿ, ಆಟ ನಿಲ್ಲಿಸಿ, ಕಣ್ಣೆದುರೇ ಕೂರಿಸಿ ಓದಿಸಿ ಎಂದವನು ನಾನೇ. ತಾಯಿ ಚಾಚೂ ತಪ್ಪದೆ ಪಾಲಿಸಿದರು. ಹುಡುಗ ಎರಡನೇ ಬಾರಿಯೂ ಫೇಲಾದ. ಈಗ ಮನೆಯಲ್ಲಿ ಮಾತೂ ಇಲ್ಲ.

ಪ್ರೀತಿಸುವುದೆಂದರೆ ಇನ್ನೊಬ್ಬರಿಗೆ ಒಳಿತನ್ನು ಬಯಸುವುದೆಂದು ಸಂತ ತೋಮಾಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ಕಲಿಸಿದರು. ಸೆಮಿನರಿಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕ ಪಡೆದವನು ನಾನು. ಆದರೆ ದಿನಕ್ಕೆರಡು ಬಾರಿ ನೀರು ಹಾಕಿದಾಗ ಯಾರ ಒಳಿತನ್ನು ಬಯಸಿದ್ದೆ? ನೀರು ಹಾಕಿದರೆ ನನ್ನ ಆತಂಕ ಇಳಿಯುತ್ತಿತ್ತು, ಅಷ್ಟೇ. ಮಣ್ಣು ಒಣಗಿದೆಯೇ ಎಂದು ಬೆರಳಿಟ್ಟು ಸಹ ನೋಡಿರಲಿಲ್ಲ.

ಇನ್ನೊಂದು ಕಷ್ಟದ ಮಾತಿದೆ. ಒಂದೇ ಲೋಟದಲ್ಲಿ ಮೂರು ಮೊಳೆತರೆ ಗಟ್ಟಿಯಾದದ್ದನ್ನು ಉಳಿಸಿ ಉಳಿದೆರಡನ್ನು ಕತ್ತರಿಸುವುದು ರೂಢಿ. ನಾನೂ ಕತ್ತರಿಸಿದೆ. ಆ ಹುಡುಗನ ತಂದೆ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ: “ಇವನಿಗೆ ಖರ್ಚು ಮಾಡಿದ್ದು ಸಾಕು ಫಾದರ್, ತಂಗಿಯಾದರೂ ಓದಲಿ.” ಅವರನ್ನು ಕಲ್ಲುಹೃದಯದವರೆನ್ನಲಾರೆ, ಇರುವ ದುಡ್ಡು ಅಷ್ಟೇ, ಮಗಳ ಹಕ್ಕೂ ಇದೆ. ಆದರೂ ಸಸಿ ನೆಡುವುದು ಫಸಲಿಗಾಗಿ. ಮಗ ಹುಟ್ಟಿರುವುದು ಯಾವ ಫಸಲಿಗಾಗಿಯೂ ಅಲ್ಲ. ಮಗಳ ಫೀಸಿಗೆ ದುಡ್ಡು ತೆಗೆದಿಡುವುದು ಒಂದು, ಮಗನನ್ನು ಲೆಕ್ಕದಿಂದಲೇ ತೆಗೆದುಬಿಡುವುದು ಇನ್ನೊಂದು.

ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಬರುವ ಅಂಜೂರದ ಮರವನ್ನು ನೆನಪಿಸಿಕೊಳ್ಳಿ. ಮೂರು ವರ್ಷ ಫಲ ಕೊಡದ ಮರಕ್ಕಾಗಿ ತೋಟಗಾರ ಇನ್ನೊಂದು ವರ್ಷ ಬೇಡುತ್ತಾನೆ. ಬೇಡಿ ಸುಮ್ಮನಿರುವುದಿಲ್ಲ, ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆನ್ನುತ್ತಾನೆ. ನಾನು ಈ ಭಾಗವನ್ನು ಎಷ್ಟೋ ಬಾರಿ ಬೋಧಿಸಿದ್ದೇನೆ, ಪ್ರತಿ ಬಾರಿಯೂ ಮರದ ಕಡೆಗೇ ಬೆರಳು ತೋರಿಸಿ. ತೋಟಗಾರ ಕೈಹಾಕಿದ್ದು ಮಣ್ಣಿಗೆ.

ನನ್ನ ಸಸಿಗಳಲ್ಲಿ ಐದು ಉಳಿದವು. ಟೊಮೆಟೊ ಕಾಂಡ ಮಣ್ಣು ತಾಕಿದಲ್ಲೆಲ್ಲ ಬೇರು ಬಿಡುತ್ತದೆ. ಆದ್ದರಿಂದ ಉದ್ದ ಬೆಳೆದ ಸಸಿಯನ್ನು ಮೇಲಿನ ಎಲೆಗಳವರೆಗೂ ಆಳವಾಗಿ ನೆಡಬಹುದು. ಹಾಗೆಯೇ ನೆಟ್ಟೆ.

ಮರುಭಾನುವಾರ ಆ ಮನೆಗೆ ಹೋಗಿ, ಅಂದು ಕೊಟ್ಟ ಸಲಹೆ ತಪ್ಪಾಗಿತ್ತು ಎಂದೆ. ಹುಡುಗ ಮೊದಲ ಬಾರಿ ತಲೆಯೆತ್ತಿ ನೋಡಿದ. ಅರಸೀಕೆರೆಯಲ್ಲಿ ಸೋದರಮಾವನ ತೆಂಗಿನ ತೋಟವಿದೆ, ಕೆಲವು ತಿಂಗಳು ಅಲ್ಲಿ ಕೆಲಸ ಮಾಡುತ್ತೇನೆ ಎಂದ. ತಂದೆ ಹೂಂ ಎಂದರು. ತಾಯಿ ಇನ್ನೂ ಒಪ್ಪಿಲ್ಲ.